ನಾಲ್ಕನೇ ಹಾಸಿಗೆ

ಮಾಧುರಿಗೆ ಕೂತಲ್ಲಿ ಕೂರಲಾಗದ ರೋಗ ಅಂಟಿಕೊಂಡದ್ದು ಮಾರ್ಚ್ ತಿಂಗಳಲ್ಲಿ, ಕೆಸ್ಲರ್ ಹಟ್ಟಿನ ಲಾಟರಿಯಲ್ಲಿ ಅವಳ ಹೆಸರು ಬಂದ ದಿನ. ಸಿಯೆರಾ ಪರ್ವತಗಳ ನಡುವೆ, ಮರವೂ ಬೆಳೆಯದಷ್ಟು ಎತ್ತರದಲ್ಲಿ, ಕಲ್ಲಿನಲ್ಲಿ ಕಟ್ಟಿದ ಒಂದು ಪುಟ್ಟ ಮನೆ ಅದು. ರಸ್ತೆಯಿಲ್ಲ, ಕರೆಂಟಿಲ್ಲ, ಫೋನ್ ಸಿಗುವುದಿಲ್ಲ. ಕೆಳಗಿನ ಮಾರ್ಟನ್ ಲೇಕಿನ ದಂಡೆಯಿಂದ ಬೆಳಗಿನ ಜಾವಕ್ಕೇ ಹೊರಟು, ಹಳ್ಳ ದಾಟಿ, ಹಿಮ ದಾಟಿ, ಕಬ್ಬಿಣದ ಹಗ್ಗ ಹಿಡಿದು ಬಂಡೆ ಏರಿ, ಎರಡು ಶಿಖರಗಳ ನಡುವಿನ ಪಾಸನ್ನು ಹತ್ತಿ ಇಳಿದರೆ ಸಂಜೆಯ ಹೊತ್ತಿಗೆ ಸಿಗುತ್ತದೆ. ಅದನ್ನು ನಡೆಸುವ ಕ್ಲಬ್ಬಿನವರು ಒಂದು ಗುಂಪಿಗೆ ನಾಲ್ಕು ಹಾಸಿಗೆ ಮಾತ್ರ ಕೊಡುತ್ತಾರೆ. ವರ್ಷವರ್ಷವೂ ಅರ್ಜಿ ಹಾಕಿ ನಿರಾಶರಾದವರೇ ಹೆಚ್ಚು. ಮಾಧುರಿಗೆ ಜುಲೈ ಕೊನೆಯ ವಾರ ಸಿಕ್ಕಿತ್ತು.

ಮಾಧುರಿ ಹುಬ್ಬಳ್ಳಿಯವಳು, ಐವತ್ತು ದಾಟಿದವಳು. ಈಗ ಬೇ ಏರಿಯಾದ ಎವರ್‌ಗ್ರೀನ್‌ನ ಗುಡ್ಡದ ಮಗ್ಗುಲಲ್ಲಿ ಮನೆ, ಪ್ಲೆಸೆಂಟನ್‌ನಲ್ಲಿ ಆಫೀಸು. ಆಸ್ಪತ್ರೆಗಳಲ್ಲಿ ರೋಗಿಯ ನರಕ್ಕೆ ಔಷಧಿ ಬಿಡುವ ಪಂಪುಗಳನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ಅಂದರೆ, ಚೆನ್ನಾಗಿ ಓಡುತ್ತಿರುವ ಯಂತ್ರದ ಮುಂದೆ ಕೂತು ಇದು ಯಾವ್ಯಾವ ರೀತಿಯಲ್ಲಿ ಕೈಕೊಡಬಹುದು ಎಂದು ಇಡೀ ದಿನ ಯೋಚಿಸುವುದು. ಇಂಥ ಬುದ್ಧಿಯವಳು ಪ್ರವಾಸ ಯೋಜಿಸಿದರೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅವರ ಬಳಗದಲ್ಲಿ ಯಾರು ಎಲ್ಲಿಗೆ ಹೊರಟರೂ ಮೊದಲ ಫೋನು ಮಾಧುರಿಗೆ. ಯಾವ ತಿರುವಿನಲ್ಲಿ ಪೆಟ್ರೋಲು ಹಾಕಿಸಬೇಕು, ಯಾವ ಮಗುವಿಗೆ ವಾಂತಿಯಾಗುತ್ತದೆ, ಯಾರಿಗೆ ಈರುಳ್ಳಿ ಆಗುವುದಿಲ್ಲ, ಎಲ್ಲ ಅವಳ ತಲೆಯಲ್ಲಿ. ಇಂಥವರನ್ನು ನಮ್ಮ ಜನ 'ಭಾಳ ಛಲೋ ಹೆಣ್ಣುಮಗಳು' ಎಂದು ಹೊಗಳುತ್ತಾರೆ. ಕೆಲಸಕ್ಕೆ ಬರುತ್ತಾಳೆ ಎಂದು ಅದರ ಅರ್ಥ.

ಆದರೆ ಆ ಛಲೋ ಹೆಣ್ಣುಮಗಳು ಇಷ್ಟು ವರ್ಷಗಳಲ್ಲಿ ಒಂದು ಗುಡ್ಡದ ತುದಿಯನ್ನೂ ಮುಟ್ಟಿರಲಿಲ್ಲ. ಗುಂಪೆಂದ ಮೇಲೆ ಕೆಳಗೆ ಒಬ್ಬರು ಉಳಿಯಲೇಬೇಕಾಗುತ್ತದೆ. ಯಾರದೋ ಮಗುವಿಗೆ ಜ್ವರ, ಯಾರದೋ ತಾಯಿಗೆ ಮಂಡಿನೋವು, ಇಲ್ಲವೇ ಬ್ಯಾಗುಗಳ ರಾಶಿ. ಆ ಒಬ್ಬರು ಯಾವಾಗಲೂ ಮಾಧುರಿಯೇ. ಇದೇ ಮಾರ್ಟನ್ ಲೇಕಿನಲ್ಲೂ, ಮಗ ಅನಿಕೇತ ಶಾಲೆಯಲ್ಲಿದ್ದಾಗ, ಅವಳು ಐಸ್ ಪೆಟ್ಟಿಗೆಯ ಪಕ್ಕ ಕೂತು ಒಂದು ಇಡೀ ದಿನ ಕಳೆದಿದ್ದಳು. ಮೇಲೆ ಪಾಸಿನ ತನಕ ಹೋದವರು ಸಂಜೆ ಇಳಿದು ಬಂದಾಗ ಅವರ ಮುಖಗಳೇ ಬೇರೆಯಾಗಿದ್ದವು. ಆ ಕಡೆ ಏನು ಕಾಣಿಸಿತು ಎಂದು ಗಂಡ ಗುರುಕಿರಣನನ್ನು ಕೇಳಿದ್ದಕ್ಕೆ ಅವನು, "ಏನಿರ್ತೈತಿ? ಮತ್ತ ಗುಡ್ಡ," ಎಂದು ಮೊಸರನ್ನದ ಡಬ್ಬಿ ತೆರೆದಿದ್ದ. ಅವಳಿಗೆ ಆ ಮಾತಿನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದಕ್ಕೇ ಈ ಸಲ ಅವಳು ಯಾರಿಗೂ ಹೇಳದೆ ಅರ್ಜಿ ಹಾಕಿ, ಹಾಸಿಗೆ ಸಿಕ್ಕ ಮೇಲೆ ನಾಲ್ಕು ಹೆಸರು ತಾನೇ ತುಂಬಿದ್ದಳು. ಗುರುಕಿರಣ, ಅನಿಕೇತ, ಗುರುಕಿರಣನ ಕಾಲೇಜು ಗೆಳೆಯ ಜಗನ್, ನಾಲ್ಕನೆಯದು ಮಾಧುರಿ. ಮನೆಯಲ್ಲಿರುವ ಅತ್ತೆ ಶರಣವ್ವನನ್ನು ಆ ಮೂರು ದಿನ ಜಗನ್‌ನ ಹೆಂಡತಿ ಸತ್ಯವತಿ ನೋಡಿಕೊಳ್ಳುವುದೆಂದೂ ಮಾತಾಯಿತು. ತಾನು ಮತ್ತೆ ಕೆಳಗುಳಿಯುವ ಎಲ್ಲಾ ಬಾಗಿಲೂ ಮುಚ್ಚಿದ್ದಳು. ಯಂತ್ರ ಕೈಕೊಡುವ ಅಷ್ಟೂ ದಾರಿ ಯೋಚಿಸಿದ್ದವಳು ತನ್ನ ನಾಲಿಗೆಯೊಂದನ್ನು ಪರೀಕ್ಷೆ ಮಾಡಿಕೊಂಡಿರಲಿಲ್ಲ.

ಶರಣವ್ವನಿಗೆ ಈ ಸಂಭ್ರಮವೇ ಅರ್ಥವಾಗಲಿಲ್ಲ. "ಇಷ್ಟು ದೊಡ್ಡ ಮನಿ ಬಿಟ್ಟು ಗುಡಸಲದಾಗ ಮಲಗಾಕ ಹೊಂಟೀರಿ. ಅದಕ್ಕೂ ಚೀಟಿ ಎತ್ತತಾರಂತ," ಎಂದು ನಕ್ಕಳು.

ಮಾಧುರಿ ಮಾತ್ರ ಆಗಲೇ ಅರ್ಧ ಅಲ್ಲಿದ್ದಳು. ದಿನಾ ಬೆಳಿಗ್ಗೆ ಚಹಾ ಆರಿಹೋಗುವ ತನಕ ಫೋನಿನಲ್ಲಿ ಅಲ್ಲಿಯ ಹಿಮದ ಲೆಕ್ಕ ನೋಡುವುದು. ಹಳ್ಳವನ್ನು ಬೆಳಿಗ್ಗೆಯೇ ದಾಟಿಬಿಡಬೇಕು, ಬಿಸಿಲೇರಿದರೆ ಮೇಲಿನ ಹಿಮ ಕರಗಿ ನೀರು ತೊಡೆಗೆ ಬರುತ್ತದೆ. ಅದರಾಚೆ ಉತ್ತರಕ್ಕೆ ಮುಖ ಮಾಡಿದ ಒಂದು ಇಕ್ಕಟ್ಟಾದ ಕೊರಕಲು, ಅಲ್ಲಿ ಜುಲೈನಲ್ಲೂ ಹಿಮ ಗಟ್ಟಿಯಾಗಿರುತ್ತದೆ, ಜಾರದಂತೆ ಬೂಟಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಬೇಕು. ಮಧ್ಯಾಹ್ನಕ್ಕೆ ಮೊದಲೇ ಪಾಸು ದಾಟದಿದ್ದರೆ ಸಿಡಿಲಿನ ಮೋಡದ ಕೆಳಗೆ ಬಂಡೆಯ ಮೇಲೆ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಎಲ್ಲಿಯೇ ಇದ್ದರೂ ಇಂಥ ಹೊತ್ತಿಗೆ ಹಿಂತಿರುಗುವುದು ಎಂದು ಮೊದಲೇ ಮಾತಾಗಬೇಕು. ತೆಳು ಗಾಳಿಗೆ ಮೈ ಒಗ್ಗಲೆಂದು ಹಿಂದಿನ ರಾತ್ರಿ ಲೇಕಿನ ಹತ್ತಿರವೇ ಟೆಂಟಿನಲ್ಲಿ ಮಲಗುವುದು. ಹೋಗಿ ಬಂದವರು ಬರೆದದ್ದನ್ನೆಲ್ಲ ಓದಿ ಓದಿ, ಹಳ್ಳದಲ್ಲಿ ಯಾವ ಕಲ್ಲು ಅಲುಗಾಡುತ್ತದೆ ಎನ್ನುವುದೂ ಅವಳಿಗೆ ಗೊತ್ತಾಗಿತ್ತು.

ಆಫೀಸಿಗೆ ಹೋಗುವ ಮೊದಲು ಮಿಷನ್ ಪೀಕಿನ ಬೋಳು ಗುಡ್ಡ ಹತ್ತಿ ಇಳಿಯತೊಡಗಿದಳು. ಬೆನ್ನ ಮೇಲಿನ ಚೀಲದಲ್ಲಿ ಸೋನಾ ಮಸೂರಿ ಅಕ್ಕಿಯ ಪೊಟ್ಟಣಗಳು, ಭಾರಕ್ಕೆ. ಮೊದಲ ವಾರ ಎರಡೆರಡು ತಿರುವಿಗೆ ಕೂತು ಏದುಸಿರು ಬಿಟ್ಟವಳು ಏಪ್ರಿಲ್ ಮುಗಿಯುವ ಹೊತ್ತಿಗೆ ನಿಲ್ಲದೆ ಹತ್ತುತ್ತಿದ್ದಳು. ಮೀಟಿಂಗುಗಳಲ್ಲಿ ಅವಳ ಕಾಲು ಮೇಜಿನ ಕೆಳಗೆ ತಾಳ ಹಾಕುತ್ತಲೇ ಇರುತ್ತಿತ್ತು. ಇದುವರೆಗೆ ಅವಳು ತನಗೆಂದು ಇಷ್ಟು ಆಸೆಪಟ್ಟದ್ದಿಲ್ಲ. ಆಸೆ ಪಡುವುದು ಇಷ್ಟು ದಣಿವಿನ ಕೆಲಸ ಎಂದೂ ಅವಳಿಗೆ ಗೊತ್ತಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ನಿಹಾರಿಕಾ ಊಟಕ್ಕೆ ಬಂದಳು. ಅನಿಕೇತನ ಜೊತೆ ನಿಶ್ಚಿತಾರ್ಥವಾದ ಹುಡುಗಿ. ತಂದೆತಾಯಿ ಮೈಸೂರಿನವರು, ಇವಳು ಹುಟ್ಟಿ ಬೆಳೆದದ್ದು ಇಲ್ಲೇ ಬೇ ಏರಿಯಾದಲ್ಲಿ. ಕನ್ನಡ ಪೂರಾ ತಿಳಿಯುತ್ತದೆ, ಬಾಯಿಗೆ ಮೊದಲು ಬರುವುದು ಇಂಗ್ಲಿಷು. ಊಟದ ಮೇಜಿನಲ್ಲಿ ಅನಿಕೇತ ಹಟ್ಟಿನ ಫೋಟೋಗಳನ್ನು ತೋರಿಸಿದ. ನಿಹಾರಿಕಾ ಒಂದೊಂದನ್ನೂ ಹಿಗ್ಗಿಸಿ ನೋಡಿ, "ಗಾಡ್, ಯೂ ಗೈಸ್ ಆರ್ ಸೋ ಲಕ್ಕಿ," ಎಂದಳು.

ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಮಾಧುರಿ ಆಗ ಆಡಿದಳು ಆ ಮಾತು. "ಹಂಗಾರ ನೀನೂ ಹೋಗವಾ. ನನ್ನ ಜಾಗಾ ತಗೋ."

ಈ ಮಾತಿನ ಗುಟ್ಟು ಹುಬ್ಬಳ್ಳಿ ಕಡೆಯವರಿಗೆ ಹೇಳಬೇಕಾಗಿಲ್ಲ. ಇದಕ್ಕೆ ಉಪಚಾರ ಎನ್ನುತ್ತಾರೆ. ದೇಶಪಾಂಡೆ ನಗರದ ಅವಳ ತವರಿನಲ್ಲಿ ಊಟದ ಹೊತ್ತಿಗೆ ಯಾರು ಬಂದರೂ 'ಏಳ್ರಿ, ಊಟಕ್ಕ' ಎನ್ನುವುದು, ಬಂದವರು ಹೊಟ್ಟೆ ಚುರುಗುಟ್ಟುತ್ತಿದ್ದರೂ 'ಈಗರ ಮಾಡಿ ಬಂದೇನ್ರಿ' ಎನ್ನುವುದು. ಇವರು ಮತ್ತೆ ಒತ್ತಾಯ ಮಾಡಬೇಕು, ಅವರು ಮತ್ತೆ ಬೇಡ ಎನ್ನಬೇಕು. ಮೂರು ಸಲ ಹೀಗೆ ಎಳೆದಾಡಿದ ಮೇಲೆ ಯಾರಿಗೆ ನಿಜವಾಗಿ ಏನು ಬೇಕೋ ಅದು ತಾನಾಗಿಯೇ ಗೊತ್ತಾಗುತ್ತದೆ. ಒಬ್ಬರ ಬಾಯಲ್ಲೂ 'ನನಗೆ ಬೇಕು' ಎಂಬ ಮಾತು ಬರದೆ ಎಲ್ಲ ಸುಸೂತ್ರ ಮುಗಿಯುತ್ತದೆ. ಮಾಧುರಿ ಕೊಟ್ಟದ್ದು ಹಾಸಿಗೆಯಲ್ಲ, ಮೊದಲ ಸುತ್ತಿನ ಉಪಚಾರ. ಈಗ ನಿಹಾರಿಕಾ 'ಛೆ, ಬೇಡ ಆಂಟಿ, ನೀವೇ ಹೋಗಿ' ಎನ್ನಬೇಕಿತ್ತು.

ನಿಹಾರಿಕಾ ತಲೆಯೆತ್ತಿ, "ರಿಯಲಿ, ಆಂಟಿ? ಆರ್ ಯೂ ಶೂರ್?" ಎಂದಳು.

ಎರಡನೇ ಸುತ್ತು. ಮಾಧುರಿಯ ಬಾಯಿ ಅವಳನ್ನು ಕೇಳದೆ ಮುಂದುವರಿಯಿತು. "ಅಯ್ಯ, ನಂದೇನೈತಿ. ವಯಸ್ಸಿನ್ಯಾಗ ನೀವು ನೋಡಬೇಕು."

"ಥ್ಯಾಂಕ್ ಯೂ ಸೋ ಮಚ್," ಎಂದು ನಿಹಾರಿಕಾ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಮೂರನೇ ಸುತ್ತು ಬರಲೇ ಇಲ್ಲ. ಅನಿಕೇತ ಫೋನು ತೆಗೆದು ಕ್ಲಬ್ಬಿನ ಪುಟದಲ್ಲಿ ಆಗಲೇ ಹೆಸರು ಬದಲಾಯಿಸಿದ. ಗುರುಕಿರಣ, "ಛಲೋ ಆತು ಬಿಡು," ಎಂದು ಇನ್ನೊಂದು ಹೋಳಿಗೆಗೆ ತಟ್ಟೆ ಚಾಚಿದ. ಹೆಂಡತಿಯ ಮುಖವನ್ನು ಒಂದು ಸಲ ನೋಡಿದ್ದರೆ ಸಾಕಿತ್ತು. ಅವನು ಹೋಳಿಗೆ ನೋಡುತ್ತಿದ್ದ. ಮಾಧುರಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಳು. ಹುಡುಗಿಯದೇನೂ ತಪ್ಪಿರಲಿಲ್ಲ. ಅದೇ ಹೊಟ್ಟೆ ಉರಿಸಿತು. ತಪ್ಪಿದ್ದಿದ್ದರೆ ಬೈದುಕೊಳ್ಳಬಹುದಿತ್ತು.

ಆಮೇಲಿನ ದಿನಗಳು ನಿಜಕ್ಕೂ ಕೆಟ್ಟವು. ಯೋಜನೆಯನ್ನೇನೂ ಅವಳ ಕೈಯಿಂದ ಯಾರೂ ತೆಗೆದುಕೊಳ್ಳಲಿಲ್ಲ. ನಿಹಾರಿಕಾಳ ಬೂಟಿನ ಅಳತೆ ಕೇಳಿ, ಈಗಿನಿಂದಲೇ ಹಾಕಿಕೊಂಡು ನಡೆ, ಇಲ್ಲದಿದ್ದರೆ ಗುಳ್ಳೆ ಬರುತ್ತದೆ ಎಂದು ತಾನೇ ಹೇಳಿದಳು. ಮುಳ್ಳಿನ ಪಟ್ಟಿ ಕಟ್ಟುವುದನ್ನು ತಾನೇ ಕಲಿಸಿದಳು. ಬೆಳಿಗ್ಗೆ ಎದ್ದು ಹಿಮದ ಲೆಕ್ಕ ನೋಡುವುದನ್ನೂ ಬಿಡಲಾಗಲಿಲ್ಲ. ಮಿಷನ್ ಪೀಕನ್ನೂ ಹತ್ತುತ್ತಲೇ ಇದ್ದಳು. ಯಾಕೆ ಎಂದು ಗುರುಕಿರಣ ಕೇಳಿದರೆ, "ಶುಗರ್ ಬಾರ್ಡರಿನ್ಯಾಗ ಐತಲ್ರೀ," ಎನ್ನುವಳು. ಕ್ಲಬ್ಬಿನ ಕಾಯುವ ಸಾಲಿನಲ್ಲಿ ಇನ್ನೊಂದು ಹಾಸಿಗೆಗೆ ಹೆಸರು ಕೊಟ್ಟು, ದಿನಾ ಆ ಪುಟ ತೆರೆದು ನೋಡಿದಳು. ಸಾಲು ಅಲುಗಾಡಲಿಲ್ಲ. ಒಂದು ದಿನ ಜಗನ್ ಫೋನು ಮಾಡಿ ಮೊಣಕಾಲು ಊದಿಕೊಂಡಿದೆ ಎಂದಾಗ ಅವಳಲ್ಲಿ ಆಸೆ ಚಿಗುರಿತು. ಅಯ್ಯೋ ಪಾಪ ಎನ್ನುತ್ತಲೇ, ಡಾಕ್ಟರು ಏನಂದರು, ರೆಸ್ಟು ತೊಗೊಳ್ರಿ ಅಂದರೇನು ಎಂದು ತುಸು ಹೆಚ್ಚೇ ಕಾಳಜಿಯಿಂದ ಕೇಳಿದಳು. ಮರುದಿನ ಅವನ ಊತ ಇಳಿಯಿತು. ಒಬ್ಬ ಮನುಷ್ಯನ ಮೊಣಕಾಲು ಕೆಡಲಿ ಎಂದು ಹಾರೈಸುವ ಮಟ್ಟಕ್ಕೆ ಬಂದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಗಂಡನಿಗೆ ಸುಳಿವು ಕೊಟ್ಟು ನೋಡಿದಳು. "ಮ್ಯಾಲೆ ಹವಾ ತೆಳ್ಳಗಿರ್ತೈತಿ. ದಾರಿ ಪೂರಾ ಗೊತ್ತಿದ್ದವರು ಒಬ್ಬರರೆ ಜೋಡಿ ಇದ್ದರ ಛಲೋ ನೋಡ್ರಿ."

"ನೀ ಎಲ್ಲಾ ಹೇಳಿಕೊಟ್ಟೀಯಲ್ಲ. ಫೋನಿನ್ಯಾಗ ಮ್ಯಾಪ್ ಐತಿ," ಎಂದ ಗುರುಕಿರಣ. ಒಳ್ಳೆಯ ಮನುಷ್ಯ, ಪೆಟ್ಟಿಗೆಯಲ್ಲಿಟ್ಟು ಕೊಟ್ಟರೂ ಸುಳಿವು ಹಿಡಿಯುವವನಲ್ಲ.

ಕೊನೆಗೆ ಒಂದು ಸಂಜೆ ಹಿತ್ತಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆಯ ಮುಂದೆ ಬಾಯಿ ಬಿಟ್ಟಳು. ಇಪ್ಪತ್ತಾರು ವರ್ಷ ಜೊತೆಗಿದ್ದ ಮೇಲೆ ಅತ್ತೆಸೊಸೆಯರ ನಡುವೆ ಇಷ್ಟಾದರೂ ಇರುತ್ತದೆ. ಶರಣವ್ವ ಎಲ್ಲ ಕೇಳಿ, ಕಡ್ಡಿಗಳನ್ನು ಬೇರೆ ಮಾಡುತ್ತ ಹೇಳಿದಳು, "ಸೊಸಿಯಾಗಿ ಬರಾಕಿಗೆ ಮೊದಲನೇ ಸಲ ಏನರೆ ಕೊಟ್ಟೀದಿ. ತಿರುಗಿ ಕೇಳ್ತಿಯೇನು? ಆಕಿ ಮನಸ್ಸಿನ್ಯಾಗ ಅದು ಸಾಯೂತನಕ ಉಳಿತೈತಿ."

"ನಾ ಕೊಟ್ಟಿರಲಿಲ್ಲ ಅತ್ತಿ. ಉಪಚಾರಕ್ಕ ಅಂದಿದ್ದೆ."

"ಅದು ಆಕಿಗೇನು ಗೊತ್ತು? ಆಕಿ ತೊಗೊಂಡಾಳ. ಮುಗೀತು."

ಮುಗಿಯಿತು ಎಂದೇ ಮಾಧುರಿ ತನಗೆ ತಾನು ಹೇಳಿಕೊಂಡಳು. ಹೊಸ ಹುಡುಗಿಯ ಜೊತೆ ಇನ್ನೂ ಬಾಳ್ವೆ ಮಾಡಬೇಕು. ಒಂದು ಗುಡ್ಡಕ್ಕೋಸ್ಕರ ಮಗನ ಹೆಂಡತಿಯ ಕಣ್ಣಲ್ಲಿ ಕೊಟ್ಟು ಕಸಿದುಕೊಳ್ಳುವ ಅತ್ತೆಯಾಗುವುದೇ? ಆದರೆ ಕಾಲು ಕೇಳಲಿಲ್ಲ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಪಂಪಿನ ಪರೀಕ್ಷೆಯ ವರದಿಯಲ್ಲಿ ಒಂದು ಸಾಲನ್ನು ಎರಡು ಸಲ ಬರೆದು, ಕೈಕೆಳಗಿನವರು ತಿದ್ದುವಂತಾಯಿತು.

ಜೂನಿನಲ್ಲಿ ಎಲ್ಲರನ್ನೂ ಕಟ್ಟಿಕೊಂಡು ಒಮ್ಮೆ ಮಿಷನ್ ಪೀಕ್ ಹತ್ತಿಸಿದಳು, ತಾಲೀಮಿಗೆ. ನಿಹಾರಿಕಾ ಜಿಂಕೆಯ ಹಾಗೆ ಹತ್ತಿದಳು. ಮಾಧುರಿ ಅವಳ ಹಿಂದೆಯೇ ಇದ್ದಳು, ಆಮೇಲೆ ಅನಿಕೇತ. ಗುರುಕಿರಣ, ಜಗನ್ ಇಬ್ಬರೂ ಬಹಳ ಹೊತ್ತಿನ ಮೇಲೆ ಕೆಂಪಗಾಗಿ ಬಂದು ಕಲ್ಲಿನ ಮೇಲೆ ಕುಸಿದರು. ನೀರು ಕುಡಿದು ಉಸಿರು ಹಿಡಿದುಕೊಂಡ ಗುರುಕಿರಣ ಏನೋ ದೊಡ್ಡ ಉಡುಗೊರೆ ಕೊಡುವವನಂತೆ, "ಮಾಧುರಿ, ಒಂದು ಕೆಲಸ ಮಾಡು. ನೀನೂ ಲೇಕಿನ ತನಕ ಬಾ. ಟೆಂಟಿನ್ಯಾಗ ಆರಾಮ ಇರು. ನಾವು ಮರುದಿನ ಇಳದು ಬಂದ ಕೂಡಲೇ ಬಿಸಿ ಚಾ. ಎಷ್ಟು ಮಜಾ ಇರ್ತೈತಿ," ಎಂದ.

ಜಗನ್ ತಲೆದೂಗಿದ. ಅನಿಕೇತ, "ಪರ್ಫೆಕ್ಟ್," ಎಂದ. ಮಾಧುರಿ ಚೀಲ ಹೆಗಲಿಗೇರಿಸಿ ಗುಡ್ಡ ಇಳಿಯತೊಡಗಿದಳು. ಎಷ್ಟು ಬೇಗ ಇಳಿದಳೆಂದರೆ ಉಳಿದವರು ಪಾರ್ಕಿಂಗಿಗೆ ಬರುವಷ್ಟರಲ್ಲಿ ಅವಳು ಕಾರಿನಲ್ಲಿ ಕೂತು, ಸ್ಟಿಯರಿಂಗ್ ಹಿಡಿದುಕೊಂಡು, ಮುಖ ಒರೆಸಿಕೊಂಡೂ ಆಗಿತ್ತು. ಇವರ ಚಹಾಕ್ಕೆ ಬೆಂಕಿ ಬೀಳಲಿ ಎಂದುಕೊಂಡಳು. ಅಷ್ಟು ಸಿಟ್ಟು ಅವಳಿಗೆ ಎಂದೂ ಬಂದಿರಲಿಲ್ಲ. ಬಂದದ್ದು ಒಳ್ಳೆಯದೇ ಆಯಿತು.

ಹೆಸರು ಬದಲಾಯಿಸಲು ಕ್ಲಬ್ಬಿನವರು ಕೊಟ್ಟಿದ್ದ ಗಡುವು ಮುಂದಿನ ಶುಕ್ರವಾರ. ಆಮೇಲೆ ಬಾಗಿಲಲ್ಲಿ ಗುರುತಿನ ಚೀಟಿ ನೋಡಿಯೇ ಒಳಗೆ ಬಿಡುತ್ತಾರೆ. ಗುರುವಾರ ಮಧ್ಯಾಹ್ನ ಮಾಧುರಿ ಆಫೀಸಿನಿಂದ ಬೇಗ ಹೊರಟು, ಡಂಬಾರ್ಟನ್ ಸೇತುವೆ ದಾಟಿ, ನಿಹಾರಿಕಾ ಕೆಲಸ ಮಾಡುವ ಪಾಲೋ ಆಲ್ಟೋಗೆ ಹೋದಳು. ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಶೇಂಗಾ ಚಟ್ನಿಯ ಡಬ್ಬಿ ಜೊತೆಗಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ನಿನ್ನ ಆಫೀಸಿಗೆ ರಜೆಯ ತೊಂದರೆಯಾಗುತ್ತದೇನೋ, ಆ ಕಬ್ಬಿಣದ ಹಗ್ಗದ ಜಾಗ ಅಪಾಯವೇನೋ, ನಿಮ್ಮಮ್ಮನಿಗೆ ಚಿಂತೆಯೇನೋ. ಎಲ್ಲವೂ ಅವಳೇ ಬೇಡ ಅನ್ನುವಂತೆ ಮಾಡುವ ಮಾತುಗಳು. ಸೇತುವೆಯ ಮೇಲೆ ಟ್ರಾಫಿಕ್ಕು ನಿಂತುಬಿಟ್ಟಾಗ ಅವೆಲ್ಲವೂ ತನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿದವು.

ನಿಹಾರಿಕಾ ಕೆಳಗಿಳಿದು ಬಂದಳು. ಕಟ್ಟಡದ ಮುಂದಿನ ಬೆಂಚಿನಲ್ಲಿ ಇಬ್ಬರೂ ಕೂತರು. ಡಬ್ಬಿ ಕೈಗಿಟ್ಟದ್ದಾಯಿತು, ಅಮ್ಮ ಹೇಗಿದ್ದಾರೆ ಎಂದದ್ದಾಯಿತು. ನಿಹಾರಿಕಾ ತಾನೇ ಶುರು ಮಾಡಿದಳು. "ಆಂಟಿ, ನೀವು ಲೇಕ್‌ವರೆಗೂ ಬರ್ತೀರಂತೆ? ಅನಿಕೇತ್ ಹೇಳ್ದ. ಹಿ ಸೆಡ್ ಯೂ ಲವ್ ಇಟ್ ದೇರ್. ಅಮ್ಮಂಗೆ ಮೇಲೆ ಹತ್ತೋದು ಇಷ್ಟ ಇಲ್ಲ, ಕೆಳಗಡೆ ಆರಾಮಾಗಿ ಕೂತ್ಕೊಳ್ಳೋದೇ ಇಷ್ಟ ಅಂತ. ಹಿ ಸೆಡ್ ಇಟ್ಸ್ ಯುವರ್ ಥಿಂಗ್."

ಯಾರೂ ಮಾಧುರಿಯನ್ನು ಕಟ್ಟಿಹಾಕಿರಲಿಲ್ಲ. ಅವಳಿಗೆ ಇದೇ ಇಷ್ಟ ಎಂದು, ಪ್ರೀತಿಯಿಂದಲೇ, ಪ್ರತಿ ಸಲವೂ ಬಿಟ್ಟುಹೋಗಿದ್ದರು. ಇಷ್ಟವಿಲ್ಲ ಎಂದು ಅವಳು ಯಾವತ್ತು ಹೇಳಿದ್ದಳು? ಹೆತ್ತ ಮಗನಿಗೇ ಗೊತ್ತಿಲ್ಲ ಎನ್ನುವುದು ಎದೆಗೆ ಚುಚ್ಚಿತು. ಗೊತ್ತಾಗದಂತೆ ಇಟ್ಟದ್ದು ತಾನೇ ಎನ್ನುವುದು ಇನ್ನಷ್ಟು ಚುಚ್ಚಿತು.

"ಹಂಗಿಲ್ಲ ನಿಹಾರಿಕಾ," ಎಂದಳು. "ನಂಗ ಕೆಳಗ ಕೂಡೂದು ಎಂದೂ ಇಷ್ಟ ಇರಲಿಲ್ಲ. ಅವತ್ತು ಊಟಕ್ಕ ಕೂತಾಗ ನಿಂಗ ಅಂದೆ ನೋಡು, ಅದು ಬಾಯಿಮಾತು. ನಮ್ಮ ಕಡೆ ಹಂಗ ಅಂತಾರ. ನೀ ಬ್ಯಾಡ ಅಂತಿ ಅಂತ ತಿಳಿದಿದ್ದೆ. ನಿಂದೇನೂ ತಪ್ಪಿಲ್ಲ. ಆದರ ನಂಗ ಹೋಗಬೇಕಾಗೈತಿ. ಭಾಳ ಆಸೆ ಐತಿ."

ಹುಡುಗಿಗೆ ನಿರಾಸೆಯಾಯಿತು, ಅದನ್ನು ಮುಚ್ಚಿಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ತುಟಿ ಸ್ವಲ್ಪ ಇಳಿಯಿತು, ಕಣ್ಣು ಡಬ್ಬಿಯ ಮೇಲೆ ಹೋಯಿತು. "ಓಹ್," ಎಂದಳು. "ನಾನು ಆಫೀಸಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದ್ದೆ. ಬೂಟ್ಸ್ ಕೂಡ... ಇಟ್ಸ್ ಓಕೆ. ಇಟ್ಸ್ ಯುವರ್ಸ್, ಆಂಟಿ. ನೀವೇ ಹೋಗಿ."

ಆ ಮುಖ ನೋಡಿದ್ದೇ ತಡ, ಮಾಧುರಿಯ ಗಂಟಲಿಗೆ ಹಳೆಯ ಮಾತು ಎದ್ದು ಬಂತು. ಇರಲಿ ಬಿಡವಾ, ನೀನ ಹೋಗು, ನಂದೇನೈತಿ. ಪೂರಾ ಸಿದ್ಧವಾಗಿ, ಬೆಚ್ಚಗೆ, ನಾಲಿಗೆಯ ತುದಿಗೆ ಬಂದು ನಿಂತಿತು. ಅವಳ ಅವ್ವ ಆಡಿದ್ದು, ಅವ್ವನ ಅವ್ವ ಆಡಿದ್ದು. ಆಡಿಬಿಟ್ಟರೆ ಹುಡುಗಿ ಮತ್ತೆ ನಗುತ್ತಾಳೆ, ತಬ್ಬಿಕೊಳ್ಳುತ್ತಾಳೆ, ತಾನು ಒಳ್ಳೆಯವಳಾಗಿ ಮನೆಗೆ ಹೋಗಬಹುದು. ಮಾಧುರಿ ಹಲ್ಲು ಕಚ್ಚಿದಳು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂದು ಬಸ್ಸು ಬಂದು ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು. ಹುಡುಗಿಯ ಮುಖ ಹಾಗೇ ಬಾಡಿತ್ತು. ಅದನ್ನು ನೋಡುತ್ತಲೇ ಸುಮ್ಮನಿದ್ದಳು.

ಬಾಯಿಗೆ ಬಂದ ಮಾತು ಹಿಂದಕ್ಕೆ ಹೋಯಿತು ಎಂದು ಖಾತ್ರಿಯಾದ ಮೇಲೆ ಅವಳು ಬಾಯಿ ತೆರೆದಳು.

"ಹೂಂ," ಎಂದಳು. "ನಂಗ ಕೊಡು."